ಒಂದೇ ಬೆಂಚು, ನಾಲ್ಕು ಫೀಸು: ಕೈಗೆಟಕುವ ಎಂಜಿನಿಯರಿಂಗ್ ಸೀಟು ಎಲ್ಲಿದೆ?

2025-26ನೇ ಸಾಲಿಗೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಶುಲ್ಕ ಶೇ 7.5ರಷ್ಟು ಏರಿತು ಅನ್ನುವ ಸುದ್ದಿ ಬಂದಾಗ, ಪಿಯು ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಲೆಕ್ಕಾಚಾರ ಶುರುವಾಯಿತು. ಪೇಪರಿನಲ್ಲಿದ್ದ ಅಂಕಿ 81,845 ರೂಪಾಯಿ. ಪಕ್ಕದ ಮನೆಯವರು ಮಗನಿಗೆ ವರ್ಷಕ್ಕೆ 2.8 ಲಕ್ಷ ಕಟ್ಟುತ್ತಿದ್ದಾರೆ. ಊರಿನ ಮೇಷ್ಟ್ರು 50 ಸಾವಿರದೊಳಗೆ ಮುಗಿಯುತ್ತೆ ಅನ್ನುತ್ತಾರೆ. ಇನ್ಯಾರದೋ ಮಗಳು ಬೋಧನಾ ಶುಲ್ಕವನ್ನೇ ಕಟ್ಟದೆ ಓದುತ್ತಿದ್ದಾಳೆ. ಇದರಲ್ಲಿ ಯಾವುದು ನಿಜ?

ಎಲ್ಲವೂ ನಿಜ. ಗೊಂದಲ ಇರುವುದು ಅಲ್ಲೇ. ನಾವು ‘ಆ ಕಾಲೇಜಿನ ಫೀಸು ಎಷ್ಟು’ ಅಂತ ಕೇಳುತ್ತೇವೆ. ಕರ್ನಾಟಕದಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಫೀಸು ಇರುವುದು ಸೀಟಿಗೆ. ಸೀಟು ಯಾವ ಬಾಗಿಲಿನಿಂದ ಬಂತು ಅನ್ನುವುದರ ಮೇಲೆ, ಒಂದೇ ಬೆಂಚಿನಲ್ಲಿ ಕೂತ ನಾಲ್ವರು ನಾಲ್ಕು ಬಗೆಯ ಶುಲ್ಕ ಕಟ್ಟುತ್ತಾರೆ.

60 ಜನರ ಒಂದು ಕ್ಲಾಸು

ಅಲ್ಪಸಂಖ್ಯಾತ ಸಂಸ್ಥೆಯಲ್ಲದ, ಅನುದಾನವಿಲ್ಲದ ಒಂದು ಖಾಸಗಿ ಕಾಲೇಜು ತೆಗೆದುಕೊಳ್ಳೋಣ. ಒಂದು ಬ್ರಾಂಚ್‌ನಲ್ಲಿ 60 ಸೀಟು. ಸರ್ಕಾರ ಮತ್ತು ಕಾಲೇಜುಗಳ ಒಪ್ಪಂದದ ಪ್ರಕಾರ ಇದರಲ್ಲಿ ಶೇ 45, ಅಂದರೆ 27 ಸೀಟು, ಸಿಇಟಿ ಮೂಲಕ ತುಂಬುತ್ತವೆ. ಇವುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲೂ ಕೆಇಎ. ಶೇ 30, ಅಂದರೆ 18 ಸೀಟು, ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌-ಕೆ ಪರೀಕ್ಷೆಯ ಪಾಲು. ಉಳಿದ ಶೇ 25, ಅಂದರೆ 15 ಸೀಟು, ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ ಕೋಟಾ. ಈ 60ರ ಮೇಲೆ ಇನ್ನೂ ಶೇ 5, ಅಂದರೆ 3 ಸೀಟು, ಹೆಚ್ಚುವರಿಯಾಗಿ ಸೇರುತ್ತವೆ. ಇದೇ ಎಸ್‌ಎನ್‌ಕ್ಯೂ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇದ್ದವರಿಗೆ, ರ‍್ಯಾಂಕ್ ನೋಡಿ, ಬೋಧನಾ ಶುಲ್ಕ ಇಲ್ಲದೆ ಕೊಡುವ ಸೀಟು.

ಈಗ ಫೀಸಿನ ವಿಷಯ. 2025-26ಕ್ಕೆ ಕಾಲೇಜುಗಳ ಮುಂದೆ ಎರಡು ಜೋಡಿ ದರ ಇತ್ತು. ಮೊದಲ ಜೋಡಿ: ಸಿಇಟಿ ಸೀಟಿಗೆ 81,845, ಕಾಮೆಡ್‌-ಕೆ ಸೀಟಿಗೆ 2,81,088. ಎರಡನೆಯದು: ಸಿಇಟಿಗೆ 90,941, ಕಾಮೆಡ್‌-ಕೆಗೆ 2,00,070. ಗಮನಿಸಿ, ಸಿಇಟಿ ದರ ಕಡಿಮೆ ಇದ್ದ ಕಡೆ ಕಾಮೆಡ್‌-ಕೆ ದರ ಜಾಸ್ತಿ. ಒಂದು ಕಡೆ ಬಿಟ್ಟಿದ್ದನ್ನು ಇನ್ನೊಂದು ಕಡೆ ಹಿಡಿಯುವ ಲೆಕ್ಕ ಇದು.

ಮೊದಲ ಜೋಡಿ ಆರಿಸಿಕೊಂಡ ಕಾಲೇಜಿಗೆ 27 ಸಿಇಟಿ ಮಕ್ಕಳಿಂದ ಬರುವುದು ಸುಮಾರು 22 ಲಕ್ಷ. 18 ಕಾಮೆಡ್‌-ಕೆ ಮಕ್ಕಳಿಂದ 50 ಲಕ್ಷಕ್ಕೂ ಜಾಸ್ತಿ. ಎರಡೂ ಸೇರಿ 72 ಲಕ್ಷ ಚಿಲ್ಲರೆ. ಎರಡನೇ ಜೋಡಿಯಲ್ಲಿ ಇದೇ ಮೊತ್ತ 60 ಲಕ್ಷದ ಸುತ್ತ ನಿಲ್ಲುತ್ತದೆ. ಹಾಗಾದರೆ ಎಲ್ಲರೂ ಮೊದಲನೆಯದನ್ನೇ ಆರಿಸಿಕೊಳ್ಳಬಹುದಲ್ವಾ? ಆಗದು. 2.8 ಲಕ್ಷ ಕೊಟ್ಟು ಬರುವ 18 ಜನ ಸಿಗಬೇಕು. ಬೇಡಿಕೆ ಇರುವ ಕಾಲೇಜಿಗೆ ಮೊದಲ ಜೋಡಿಯಲ್ಲಿ ಲಾಭ. ಕಾಮೆಡ್‌-ಕೆ ಸೀಟು ಖಾಲಿ ಉಳಿಯುತ್ತದೆ ಅನ್ನುವ ಭಯ ಇರುವ ಕಾಲೇಜಿಗೆ ಎರಡನೆಯದೇ ಕ್ಷೇಮ. ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದವನಿಗೆ ಹೆಸರುವಾಸಿ ಕಾಲೇಜೇ ಸಾಧಾರಣ ಕಾಲೇಜಿಗಿಂತ ಅಗ್ಗವಾಗಬಹುದು.

ಇನ್ನುಳಿದ 15 ಮ್ಯಾನೇಜ್‌ಮೆಂಟ್ ಸೀಟುಗಳ ದರ ಯಾವ ಸರ್ಕಾರಿ ಪಟ್ಟಿಯಲ್ಲೂ ಸಿಗುವುದಿಲ್ಲ. ಬ್ರಾಂಚ್ ಯಾವುದು, ಊರು ಯಾವುದು, ತಿಂಗಳು ಯಾವುದು ಅನ್ನುವುದರ ಮೇಲೆ ಅದು ನಿಂತಿರುತ್ತದೆ.

ಇದೆಲ್ಲ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳ ಮಾತು. ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ಶೇ 40 ಸೀಟು ಸಿಇಟಿಗೆ, ಉಳಿದಿದ್ದು ಅವರದೇ ಪರೀಕ್ಷೆ, ಅವರದೇ ದರ. ಹಳೆಯ ಕಾಲೇಜು ವಿಶ್ವವಿದ್ಯಾಲಯವಾಗಿ ಬಡ್ತಿ ಪಡೆದಾಗ ಬೋರ್ಡ್ ಮಾತ್ರ ಬದಲಾದಂತೆ ಕಾಣುತ್ತದೆ. ಒಳಗೆ ಸೀಟಿನ ಪಾಲೂ ಬದಲಾಗಿರುತ್ತದೆ.

ಈ ಹಂಚಿಕೆ ಎಲ್ಲಿಂದ ಬಂತು

ಒಂದೇ ಕ್ಲಾಸು, ಹಲವು ಫೀಸು ಅನ್ನುವುದು ಇವತ್ತಿನದಲ್ಲ. 1984ರಲ್ಲೇ ಕರ್ನಾಟಕ ಕ್ಯಾಪಿಟೇಶನ್ ಫೀಸು, ಅಂದರೆ ಸೀಟು ಕೊಡಲು ನಿಗದಿತ ಶುಲ್ಕದ ಮೇಲೆ ವಸೂಲಿ ಮಾಡುವ ಹಣ, ನಿಷೇಧಿಸುವ ಕಾಯ್ದೆ ತಂದಿತು. ಅದರ ಅಡಿಯಲ್ಲಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರ ಕೊಟ್ಟಿತ್ತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರರಿಗೆ 25,000, ಹೊರಗಿನವರಿಗೆ 60,000. ತುಮಕೂರಿನ ಒಂದು ಕಾಲೇಜಿನಲ್ಲಿ ಸೀಟು ಕೇಳಿದ ಉತ್ತರ ಪ್ರದೇಶದ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 1992ರ ಮೋಹಿನಿ ಜೈನ್ ತೀರ್ಪು ಅದೇ. ಸರ್ಕಾರಿ ಸೀಟಿನ ದರಕ್ಕಿಂತ ಜಾಸ್ತಿ ವಸೂಲಿ ಮಾಡಿದರೆ ಅದು ಕ್ಯಾಪಿಟೇಶನ್ ಅಂತ ಕೋರ್ಟ್ ಹೇಳಿತು.

ಮರುವರ್ಷವೇ ಉನ್ನಿಕೃಷ್ಣನ್ ತೀರ್ಪು ಬಂತು. ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್. ‘ಪೇಮೆಂಟ್ ಸೀಟು’ ಅನ್ನುವ ಮಾತು ನಮ್ಮ ಮನೆಮಾತಾಗಿದ್ದು ಆಗಲೇ. 1994ರಿಂದ ಸಿಇಟಿ ಶುರುವಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನೇ ತಳ್ಳಿಹಾಕಿತು. ಒಬ್ಬ ವಿದ್ಯಾರ್ಥಿಯ ಫೀಸಿನಲ್ಲಿ ಇನ್ನೊಬ್ಬನನ್ನು ಓದಿಸುವುದು ಸರಿಯಲ್ಲ, ಖಾಸಗಿ ಸಂಸ್ಥೆಗೆ ಸ್ವಾಯತ್ತತೆ ಇರಬೇಕು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಶನ್ ಕೂಡದು ಅನ್ನುವುದು ಅದರ ಸಾರ. 2005ರ ಇನಾಂದಾರ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅನುದಾನವಿಲ್ಲದ ಕಾಲೇಜಿನ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲ ಎಂದಿತು. ಕಾಲೇಜು ತಾನಾಗಿ ಒಪ್ಪಿದರೆ ಅಡ್ಡಿಯಿಲ್ಲ.

ಈ ‘ಒಪ್ಪಿದರೆ’ ಅನ್ನುವ ಪದದ ಮೇಲೆ ನಮ್ಮ ಶೇ 45 ನಿಂತಿದೆ. 2006ರಲ್ಲಿ ರಾಜ್ಯ ಪ್ರವೇಶ ಮತ್ತು ಶುಲ್ಕ ನಿಗದಿಗೆ ಒಂದು ಕಾಯ್ದೆ ಮಾಡಿಕೊಂಡಿತು. ಆದರೆ ಅದನ್ನು ಪೂರ್ತಿ ಜಾರಿಗೆ ತರದೆ, ವರ್ಷ ವರ್ಷ ಕಾಲೇಜುಗಳ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುವ ದಾರಿ ಹಿಡಿಯಿತು. 2013ರ ಕೊನೆಯಲ್ಲಿ ಕಾಯ್ದೆ ಜಾರಿಯ ಮಾತು ಎದ್ದಾಗ ಸಿಇಟಿ ಸೀಟೇ ಹೋಗುತ್ತದೆ ಅಂತ ವಿದ್ಯಾರ್ಥಿಗಳು ಬೀದಿಗಿಳಿದರು. ಸರ್ಕಾರ ಹಿಂದೆ ಸರಿಯಿತು. ಅಂದರೆ ಇಲ್ಲಿ ಕೋಟಾ ಮತ್ತು ದರ ಎರಡೂ ಚೌಕಾಸಿಯ ಫಲ. ಪ್ರತಿ ವರ್ಷ ಶುಲ್ಕದ ಸುದ್ದಿ ತಡವಾಗಿ, ಸೀಟು ಹಂಚಿಕೆಯ ಹೊಸ್ತಿಲಲ್ಲಿ ಬರುವುದಕ್ಕೂ ಇದೇ ಕಾರಣ.

ಏರಿಕೆ: ಯಾರ ವಾದ ಏನು

ಕೋವಿಡ್ ಹೊತ್ತಿನಲ್ಲಿ ಮೊದಲ ಜೋಡಿಯ ಸಿಇಟಿ ದರ 58,806 ಇತ್ತು. ಆಮೇಲೆ ನಾಲ್ಕು ಸಲ ಏರಿತು: ಶೇ 10, ಶೇ 7, ಮತ್ತೆ ಶೇ 10, 2025-26ಕ್ಕೆ ಶೇ 7.5. ಒಂದೊಂದನ್ನೇ ನೋಡಿದರೆ ಚಿಕ್ಕದು. ಒಟ್ಟಿಗೆ ನೋಡಿದರೆ ಶೇ 39. ಯಾಕೆಂದರೆ ಪ್ರತಿ ಏರಿಕೆಯೂ ಹಿಂದಿನ ಏರಿಕೆಯ ಮೇಲೆ ಕೂರುತ್ತದೆ.

ಕಾಲೇಜುಗಳು ಹೇಳುವುದು ಹೀಗೆ. ಅಧ್ಯಾಪಕರ ಸಂಬಳ ಏರಿದೆ, ಲ್ಯಾಬ್ ಖರ್ಚು ಏರಿದೆ, ಕಂಪ್ಯೂಟರ್ ಕಲಿಸುವವರು ಐಟಿ ಕಂಪನಿಗೆ ಓಡಿಹೋಗುತ್ತಾರೆ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಕೇಂದ್ರದ ಎಐಸಿಟಿಇ ನೇಮಿಸಿದ ಶ್ರೀಕೃಷ್ಣ ಸಮಿತಿ ಕೂಡ ಎಂಜಿನಿಯರಿಂಗ್‌ಗೆ ವರ್ಷಕ್ಕೆ ಕನಿಷ್ಠ 79,600, ಗರಿಷ್ಠ 1,89,800 ಅಂತ ಶಿಫಾರಸು ಮಾಡಿದೆಯಲ್ಲ ಅನ್ನುತ್ತಾರೆ. ಸಿಇಟಿ ದರ ಆ ಕನಿಷ್ಠದ ಹತ್ತಿರವೇ ಇದೆ ಅನ್ನುವುದು ಅವರ ಮಾತು.

ಅದು ಅರ್ಧ ಲೆಕ್ಕ ಅಂತ ನನಗನಿಸುತ್ತದೆ. ಕನಿಷ್ಠ ತೋರಿಸುವವರು ಗರಿಷ್ಠವನ್ನೂ ತೋರಿಸಬೇಕಲ್ಲ. ಕಾಮೆಡ್‌-ಕೆಯ ಎರಡೂ ದರ ಆ ಗರಿಷ್ಠವನ್ನು ದಾಟಿವೆ. ಇನ್ನು ಪೋಷಕರ ದೂರು ಬೇರೆಯೇ. ರಸೀದಿಯಲ್ಲಿ ಬೋಧನಾ ಶುಲ್ಕದ ಕೆಳಗೆ ಇರುವ ಸಾಲುಗಳನ್ನು ನೋಡಿ ಅನ್ನುತ್ತಾರೆ ಅವರು. ವಿಶ್ವವಿದ್ಯಾಲಯ ಶುಲ್ಕ, ಸ್ಕಿಲ್ ಟ್ರೈನಿಂಗ್, ಪ್ಲೇಸ್‌ಮೆಂಟ್ ತರಬೇತಿ, ಯೂನಿಫಾರ್ಮ್, ಬಸ್. ಇದರಲ್ಲಿ ಯಾವುದು ಕಡ್ಡಾಯ, ಯಾವುದು ಬೇಡ ಅನ್ನಬಹುದು ಅನ್ನುವುದು ಅಡ್ಮಿಷನ್ ಕೌಂಟರಿನಲ್ಲಿ ನಿಂತಾಗ ಯಾರೂ ಬಿಡಿಸಿ ಹೇಳುವುದಿಲ್ಲ.

ಸರ್ಕಾರದ ನಿಲುವೂ ಪೂರ್ತಿ ನೇರವಿಲ್ಲ. ಖಾಸಗಿಯವರಿಗೆ ಕಡಿವಾಣ ಹಾಕುತ್ತೇನೆ ಅನ್ನುತ್ತದೆ. ಅದೇ ಹೊತ್ತಿಗೆ ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಿ ಅರ್ಧ ಸೀಟುಗಳಿಗೆ ಹೆಚ್ಚಿನ ಶುಲ್ಕದ ಪೇಮೆಂಟ್ ಕೋಟಾ ಬಂತು. ಅದು ವಿಟಿಯುವಿನದೇ ಕಾಲೇಜು. 2024ರಲ್ಲಿ ವಿದ್ಯಾರ್ಥಿಗಳು ಹೋರಾಟಕ್ಕಿಳಿದರು. ಸರ್ಕಾರಿ ಹೆಸರಿದ್ದರೆ ಎಲ್ಲ ಸೀಟೂ ಅಗ್ಗ ಅಂತ ಕಣ್ಣುಮುಚ್ಚಿ ನಂಬುವ ಕಾಲ ಅಲ್ಲಿಗೆ ಮುಗಿಯಿತು.

ಅಗ್ಗದ ಸೀಟು ದುಬಾರಿ ಆಗುವ ಬಗೆ

ಇದರ ನಡುವೆ ಇನ್ನೊಂದು ಸುದ್ದಿ ಬಂತು: ಸೀಟ್ ಬ್ಲಾಕಿಂಗ್. 2024ರ ನವೆಂಬರಿನಲ್ಲಿ ಕೆಇಎ ಪೊಲೀಸರಿಗೆ ದೂರು ಕೊಟ್ಟಿತು. ಮುಂದಿನ ತಿಂಗಳು ಹಲವರ ಬಂಧನವಾಯಿತು. 2025ರ ಜೂನ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರಿನಲ್ಲಿ ಶೋಧ ನಡೆಸಿತು. ಎಷ್ಟೋ ಜನರಿಗೆ ಇದು ಏನಂತಲೇ ಅರ್ಥವಾಗಲಿಲ್ಲ. ಸೀಟನ್ನು ಹಿಡಿದಿಟ್ಟುಕೊಂಡು, ಸೇರದೆ ಬಿಟ್ಟರೆ ಯಾರಿಗೇನು ಲಾಭ?

ಲಾಭ ಇರುವುದು ಒಂದು ಸಣ್ಣ ನಿಯಮದಲ್ಲಿ. ಕೆಇಎ ಸುತ್ತುಗಳೆಲ್ಲ ಮುಗಿದ ಮೇಲೆ ಸರ್ಕಾರಿ ಕೋಟಾದಲ್ಲಿ ಉಳಿದ ಸೀಟು ಕಾಲೇಜಿಗೆ ವಾಪಸ್ ಹೋಗುತ್ತದೆ. ಸಿವಿಲ್, ಮೆಕ್ಯಾನಿಕಲ್ ಸೀಟಾದರೆ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಹೆಸರಾಂತ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟಾದರೆ? ಆ ಬಾಗಿಲಿನಲ್ಲಿ 81 ಸಾವಿರಕ್ಕೆ ಹೋಗಬೇಕಿದ್ದ ಸೀಟು, ಈ ಬಾಗಿಲಿನಲ್ಲಿ ಹಲವು ಲಕ್ಷಕ್ಕೆ ಹೋಗುತ್ತದೆ.

ಹಾಗಾಗಿ ಮಾಡುವುದು ಇಷ್ಟೇ. ಒಳ್ಳೆ ರ‍್ಯಾಂಕ್ ಇದ್ದು, ಬೇರೆಲ್ಲೋ ಸೇರಿಯಾಗಿರುವ ವಿದ್ಯಾರ್ಥಿಗಳನ್ನು ಏಜೆಂಟ್ ಹುಡುಕುತ್ತಾನೆ. ಅವರ ಲಾಗಿನ್ ಪಡೆಯುತ್ತಾನೆ. ಕೊನೆಯ ಸುತ್ತಿನಲ್ಲಿ ಬೇಡಿಕೆಯ ಸೀಟನ್ನೇ ಮೊದಲ ಆಯ್ಕೆಯಾಗಿ ಹಾಕುತ್ತಾನೆ. ಸೀಟು ಸಿಗುತ್ತದೆ, ವಿದ್ಯಾರ್ಥಿ ಬರುವುದಿಲ್ಲ. ಇನ್ನೊಂದು ಸುತ್ತಿಲ್ಲ. ಸೀಟು ಖಾಲಿ, ಕಾಲೇಜಿಗೆ ವಾಪಸ್. ಹಲವು ವಿದ್ಯಾರ್ಥಿಗಳ ಆಯ್ಕೆ ಒಂದೇ ಐಪಿ ವಿಳಾಸದಿಂದ ದಾಖಲಾಗಿದ್ದು ಅನುಮಾನಕ್ಕೆ ಎಡೆ ಮಾಡಿತು.

ಇದರಲ್ಲಿ ಪೆಟ್ಟು ತಿನ್ನುವವರು ಯಾರು? ಹಿಡಿದಿಟ್ಟ ಸೀಟಿನ ರ‍್ಯಾಂಕಿಗಿಂತ ಸ್ವಲ್ಪ ಹಿಂದಿದ್ದವರು. ಅವರಿಗೆ ಆ ಸೀಟು ಖಾಲಿ ಇತ್ತು ಅಂತಲೂ ಗೊತ್ತಾಗುವುದಿಲ್ಲ. ಕಟಾಫ್ ಪಟ್ಟಿಯಲ್ಲೂ ಆ ಸೀಟು ಸುಳ್ಳು ರ‍್ಯಾಂಕಿನಲ್ಲೇ ಮುಚ್ಚಿದಂತೆ ದಾಖಲಾಗಿರುತ್ತದೆ. ಮುಂದಿನ ವರ್ಷದವರು ಅದನ್ನು ನೋಡಿ ‘ನಮಗೆ ಸಿಗಲ್ಲ ಬಿಡು’ ಅಂತ ಆ ಕಾಲೇಜನ್ನು ಪಟ್ಟಿಗೇ ಹಾಕದಿದ್ದರೆ, ಹಳೆಯ ಮೋಸ ಅವರ ಮೇಲೂ ಕೆಲಸ ಮಾಡಿತು ಅಂತಲೇ ಅರ್ಥ. ಬೇಕಾದ ಸೀಟುಗಳನ್ನು ಕ್ರಮವಾಗಿ ಬರೆದುಕೊಡುವ ಆಪ್ಷನ್ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ.

ನಿಜವಾಗಿ ಅಗ್ಗ ಇರುವ ಜಾಗಗಳು

ಮೊದಲನೆಯದು ಸರ್ಕಾರಿ ಕಾಲೇಜು. ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿರುವ ಯುವಿಸಿಇ, ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಶುರುವಾಗಿದ್ದು, ಈಗ ಅದೇ ಒಂದು ವಿಶ್ವವಿದ್ಯಾಲಯ. ಅಲ್ಲೇ ಹತ್ತಿರದಲ್ಲಿ ಎಸ್‌ಕೆಎಸ್‌ಜೆಟಿಐ ಅನ್ನುವ ಇನ್ನೊಂದು ಸರ್ಕಾರಿ ಕಾಲೇಜು ಇದೆ. ಹಾಸನ, ರಾಮನಗರ, ಚಾಮರಾಜನಗರ, ಕೆ.ಆರ್. ಪೇಟೆ, ಕುಶಾಲನಗರ, ಕಾರವಾರ, ಹಾವೇರಿ, ಚಳ್ಳಕೆರೆ, ಹೂವಿನಹಡಗಲಿ, ರಾಯಚೂರು ಹೀಗೆ ಜಿಲ್ಲೆ, ತಾಲ್ಲೂಕುಗಳಲ್ಲೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ವರ್ಷದ ಖರ್ಚು 50 ಸಾವಿರದೊಳಗೆ. ಕೊರತೆಯೂ ಇದೆ, ಮುಚ್ಚಿಡಬೇಕಿಲ್ಲ. ಕೆಲವು ಕಡೆ ಬ್ರಾಂಚ್ ಮೂರ್ನಾಲ್ಕೇ. ಕಾಯಂ ಅಧ್ಯಾಪಕರಿಗಿಂತ ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ವಿಭಾಗಗಳಿವೆ. ಕ್ಯಾಂಪಸ್‌ಗೆ ಬರುವ ಕಂಪನಿ ಕಡಿಮೆ. ಎಲ್ಲ ಸರ್ಕಾರಿ ಕಾಲೇಜನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಯುವಿಸಿಇ ಕಟಾಫ್ ಖಾಸಗಿ ಕಾಲೇಜುಗಳಿಗೆ ಪೈಪೋಟಿ ಕೊಡುತ್ತದೆ.

ಎರಡನೆಯದು ಜಾಸ್ತಿ ಜನ ಗಮನಿಸದ ಜಾಗ, ಅನುದಾನಿತ ಸೀಟು. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್, ಹಾಸನದ ಮಲೆನಾಡು, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ ಇಂಥ ಹಳೆಯ ಕಾಲೇಜುಗಳಲ್ಲಿ ಕೆಲವು ಬ್ರಾಂಚ್‌ಗಳಿಗೆ ಸರ್ಕಾರ ಸಂಬಳ ಕೊಡುತ್ತದೆ. ಆ ಸೀಟಿನ ಫೀಸು ಸರ್ಕಾರಿ ಕಾಲೇಜಿನ ಹತ್ತಿರ ಇರುತ್ತದೆ. ಅದೇ ಕಾಲೇಜು ಕೆಇಎ ಪಟ್ಟಿಯಲ್ಲಿ ಎರಡು ಕೋಡ್‌ನಲ್ಲಿ ಕಾಣಿಸುತ್ತದೆ, ಒಂದು ಅನುದಾನಿತ, ಇನ್ನೊಂದು ಅನುದಾನರಹಿತ. ಕಟ್ಟಡ ಒಂದೇ, ಗೇಟು ಒಂದೇ. ಆಪ್ಷನ್ ಎಂಟ್ರಿಯಲ್ಲಿ ಕೋಡ್ ನೋಡದೆ ಹೆಸರು ಮಾತ್ರ ನೋಡಿ ಮೊದಲು ದುಬಾರಿಯದನ್ನು ಹಾಕಿದರೆ, ಕಂಪ್ಯೂಟರ್ ಅದನ್ನೇ ಕೊಡುತ್ತದೆ. ಕೇಳಿದ್ದು ಕೊಟ್ಟೆ ಅನ್ನುತ್ತದೆ, ಅಷ್ಟೇ. ಅನುದಾನ ಇರುವುದು ಹೆಚ್ಚಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ತರಹದ ಹಳೆಯ ಬ್ರಾಂಚ್‌ಗಳಿಗೆ ಅನ್ನುವುದನ್ನೂ ನೆನಪಿಡಿ.

ಮೂರನೆಯದು ಎಸ್‌ಎನ್‌ಕ್ಯೂ. 60ಕ್ಕೆ ಮೂರೇ ಸೀಟು. ಪೈಪೋಟಿ ಜೋರು. ಆದರೂ ಅರ್ಹತೆ ಇದ್ದವರು ಕೇಳದೆ ಬಿಡುವುದು ತಪ್ಪು.

ನಾಲ್ಕನೆಯ ದಾರಿ ಹತ್ತನೇ ಕ್ಲಾಸಿನಲ್ಲೇ ಕವಲೊಡೆಯುತ್ತದೆ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಪಿಯು ಕೋಚಿಂಗಿಗೆ ಲಕ್ಷಗಟ್ಟಲೆ ಸುರಿಯುವ ಪೋಷಕರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೋಚಿಂಗ್ ಫೀಸನ್ನೂ ಎಂಜಿನಿಯರಿಂಗ್ ಖರ್ಚಿಗೆ ಸೇರಿಸಿದರೆ ಚಿತ್ರ ಬೇರೆಯಾಗುತ್ತದೆ.

ನಾಲ್ಕು ವರ್ಷದ ಲೆಕ್ಕ

ಹೊಳೆನರಸೀಪುರದ ಒಬ್ಬ ವಿದ್ಯಾರ್ಥಿನಿಯ ಮುಂದೆ ಮೂರು ಸೀಟು ಇವೆ ಅಂದುಕೊಳ್ಳೋಣ. ಸುಮ್ನೆ ಅಂದಾಜಿಗೆ.

ಒಂದು, ಹಾಸನದ ಸರ್ಕಾರಿ ಕಾಲೇಜು. ವರ್ಷಕ್ಕೆ 50 ಸಾವಿರ ಅಂದರೂ ನಾಲ್ಕು ವರ್ಷಕ್ಕೆ 2 ಲಕ್ಷ. ಮನೆಯಿಂದಲೇ ಓಡಾಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಲ್ಯಾಪ್‌ಟಾಪು, ಪುಸ್ತಕ ಸೇರಿದರೂ 3 ಲಕ್ಷದೊಳಗೆ ಮುಗಿಯುತ್ತದೆ.

ಎರಡು, ಬೆಂಗಳೂರಿನ ಖಾಸಗಿ ಕಾಲೇಜು, ಸಿಇಟಿ ಸೀಟು. ಬೋಧನಾ ಶುಲ್ಕ 90,941, ಇತರೆ ಒಂದು 20 ಸಾವಿರ ಇಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ 4.4 ಲಕ್ಷ. ಪಿಜಿ ತಿಂಗಳಿಗೆ 9 ಸಾವಿರದಂತೆ ವರ್ಷಕ್ಕೆ ಹತ್ತು ತಿಂಗಳು ಅಂದರೆ 90 ಸಾವಿರ. ಅಂದರೆ ಇರುವ ಜಾಗದ ಖರ್ಚು ಬೋಧನಾ ಶುಲ್ಕಕ್ಕೆ ಹೆಚ್ಚುಕಡಿಮೆ ಸಮ. ಒಟ್ಟು 8 ಲಕ್ಷ.

ಮೂರು, ಬೆಂಗಳೂರಿನ ಇನ್ನೊಂದು ಕಾಲೇಜು, ಕಾಮೆಡ್‌-ಕೆ ಸೀಟು. 2,81,088ಕ್ಕೆ ಅದೇ ಇತರೆ ಶುಲ್ಕ ಮತ್ತು ಪಿಜಿ ಸೇರಿಸಿದರೆ ನಾಲ್ಕು ವರ್ಷಕ್ಕೆ ಹದಿನೈದೂವರೆ ಲಕ್ಷ ದಾಟುತ್ತದೆ.

ಇಲ್ಲೊಂದು ತಮಾಷೆ ಇದೆ. ಶೇ 7.5 ಏರಿಕೆಯಿಂದ ಎರಡನೇ ಸೀಟಿಗೆ ಬಿದ್ದ ಹೆಚ್ಚುವರಿ ಹೊರೆ ವರ್ಷಕ್ಕೆ 6,345 ರೂಪಾಯಿ. ಪಿಜಿಯವರು ತಿಂಗಳಿಗೆ 600 ರೂಪಾಯಿ ಏರಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಶುಲ್ಕ ಏರಿಕೆಗೆ ಪತ್ರಿಕಾಗೋಷ್ಠಿ ಇರುತ್ತದೆ, ಪಿಜಿ ಬಾಡಿಗೆಗೆ ಇಲ್ಲ.

ಹಾಗಂತ ಮೂರನೇ ಸೀಟು ಯಾವಾಗಲೂ ದಂಡ ಅಂತಲ್ಲ. ಒಳ್ಳೆಯ ಕಂಪನಿಗಳು ಸಾಲುಗಟ್ಟುವ ಕಾಲೇಜಾದರೆ ವ್ಯತ್ಯಾಸ ಮೂರ್ನಾಲ್ಕು ವರ್ಷದಲ್ಲಿ ತೀರಬಹುದು. ಆದರೆ ಸಾಲ ಮಾಡಿ ಕಟ್ಟುವವರು ಈ ಲೆಕ್ಕ ನೋಡಬೇಕು. 10 ಲಕ್ಷ ಸಾಲ, ಶೇ 10 ಬಡ್ಡಿ, 10 ವರ್ಷ. ತಿಂಗಳ ಕಂತು ಸುಮಾರು 13,200. ಒಟ್ಟು ತೀರಿಸುವುದು 15.8 ಲಕ್ಷದಷ್ಟು. ಓದುವಾಗಿನ ಬಡ್ಡಿ ಇದಕ್ಕೆ ಸೇರಿಲ್ಲ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಬಹಳ ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕೂತಿದೆ. ಅದರಲ್ಲಿ ಅರ್ಧದಷ್ಟು ಕಂತಿಗೇ ಹೋದರೆ, ಬೆಂಗಳೂರಿನಲ್ಲಿ ಬಾಡಿಗೆ, ಊಟಕ್ಕೆ ಉಳಿಯುವುದೆಷ್ಟು?

ನೆರವು ಎಷ್ಟು ದೂರ ಬರುತ್ತದೆ

ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ 2.5 ಲಕ್ಷದೊಳಗಿದ್ದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ, ಊಟ-ವಸತಿಗೆ ನೆರವಾಗುವ ವಿದ್ಯಾಸಿರಿ ಇವೆ. ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50 ಸಾವಿರ, ಆದಾಯ ಮಿತಿ 8 ಲಕ್ಷ, ಒಂದು ಮನೆಯಲ್ಲಿ ಇಬ್ಬರವರೆಗೆ. ಸಂಖ್ಯೆಗೆ ಮಿತಿ ಇದೆ, ಆದರೆ ಸಿಕ್ಕರೆ ಮೇಲಿನ ಲೆಕ್ಕದ ಮೊದಲ ಸೀಟು ಹೆಚ್ಚುಕಡಿಮೆ ಉಚಿತ. ದೇವರಾಜ ಅರಸು ನಿಗಮ ಮತ್ತು ಅಲ್ಪಸಂಖ್ಯಾತರ ನಿಗಮದ ಅರಿವು ಸಾಲಕ್ಕೆ ಬಡ್ಡಿ ಶೇ 2 ಮಾತ್ರ.

ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ 2024ರ ನವೆಂಬರಿನಲ್ಲಿ ಬಂತು. ಅಡಮಾನ, ಜಾಮೀನು ಇಲ್ಲದ ಸಾಲ. ಆದಾಯ 8 ಲಕ್ಷದವರೆಗೆ ಇದ್ದರೆ, 10 ಲಕ್ಷದ ತನಕದ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ. ಕೇಳಲು ಚೆನ್ನಾಗಿದೆ. ಆದರೆ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ ಅನ್ವಯ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಜಿಲ್ಲಾ ಕೇಂದ್ರದ ಸಾಧಾರಣ ಕಾಲೇಜಿಗೆ ಸೇರುವ ಬಡ ಮನೆಯ ಹುಡುಗನಿಗೆ ಈ ಬಾಗಿಲು ಮುಚ್ಚಿಯೇ ಇದೆ.

ಈ ನೆರವಿನ ಹಣ ಕೈಸೇರುವುದು ತಡವಾಗಿ ಅನ್ನುವುದು ಇನ್ನೊಂದು ತೊಡಕು. ಕಾಲೇಜು ಮೊದಲು ಕಟ್ಟಿ ಅನ್ನುತ್ತದೆ. ಆ ಮಧ್ಯದ ತಿಂಗಳುಗಳಿಗೆ ಕೈಸಾಲ ಮಾಡಬೇಕಾಗುತ್ತದೆ. ಯೋಜನೆಯ ಕರಪತ್ರದಲ್ಲಿ ಆ ಬಡ್ಡಿಯ ಮಾತು ಇರುವುದಿಲ್ಲ.

ಮುಂದೇನು

ದರಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು ಕಡೆ ನಡೆಯುತ್ತಿದೆ. 2024-25ರಿಂದ ಎಐಸಿಟಿಇ ಒಳ್ಳೆಯ ಸೌಲಭ್ಯ ಇರುವ ಕಾಲೇಜುಗಳಿಗೆ ಒಂದು ಬ್ರಾಂಚ್‌ನಲ್ಲಿ ಇಷ್ಟೇ ಸೀಟು ಅನ್ನುವ ಮಿತಿ ತೆಗೆಯಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಹಿಗ್ಗಿತು. ಇದರ ಮೊದಲ ಪರಿಣಾಮ ಸಿಹಿ. ಶೇ 45 ನಮ್ಮದೇ ಅಲ್ವಾ, ಸಿಇಟಿ ದರದಲ್ಲೂ ಸೀಟು ಹೆಚ್ಚಿತು, ಹಿಂದಿನ ರ‍್ಯಾಂಕಿನವರಿಗೂ ಬೆಂಗಳೂರು ಸಿಕ್ಕಿತು.

ಎರಡನೇ ಪರಿಣಾಮ ನಿಧಾನಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಸಿಕ್ಕಿದರೆ ಗದಗ, ಚಿಕ್ಕಮಗಳೂರಿನ ಕಾಲೇಜಿಗೆ ಯಾಕೆ ಹೋಗುತ್ತಾರೆ? ಅಲ್ಲಿ ಸೀಟು ಖಾಲಿ ಉಳಿಯುತ್ತದೆ. ಖಾಲಿ ಉಳಿದರೆ ಆದಾಯ ಇಲ್ಲ, ಅಧ್ಯಾಪಕರು ಬಿಡುತ್ತಾರೆ, ಬ್ರಾಂಚ್ ಮುಚ್ಚುತ್ತದೆ. ಮುಚ್ಚಿದ ಮೇಲೆ ಆ ಊರಿನ ಹುಡುಗಿಗೆ ‘ಮನೆಯಿಂದ ಓಡಾಡಿ ಓದುವ ಸೀಟು’ ಅನ್ನುವುದೇ ಇರುವುದಿಲ್ಲ. ಅವಳಿಗೆ ಇರುವ ಅತಿ ಅಗ್ಗದ ಆಯ್ಕೆಯ ಬೆಲೆ ಪಿಜಿ ಖರ್ಚೂ ಸೇರಿ 8 ಲಕ್ಷಕ್ಕೆ ಏರಿತು ಅಂತಾಯಿತು. ಯಾವ ಶುಲ್ಕ ಏರಿಕೆಯ ಆದೇಶವೂ ಇಲ್ಲದೆ.

ಖಾಸಗಿ ವಿಶ್ವವಿದ್ಯಾಲಯಗಳು ಹೆಚ್ಚಿದಷ್ಟೂ ಸಿಇಟಿ ಪಾಲು ಶೇ 45ರಿಂದ ಶೇ 40ಕ್ಕೆ ಜಾರುತ್ತದೆ. ಅನುದಾನ ಇರುವ ಹಳೆಯ ಬ್ರಾಂಚ್‌ಗಳಿಗೆ ಬೇಡಿಕೆ ಇಳಿದಷ್ಟೂ ಅಗ್ಗದ ಸೀಟು ಇದ್ದೂ ಇಲ್ಲದಂತಾಗುತ್ತದೆ. ಸರ್ಕಾರ ಶೇ 7.5ರ ಬದಲು ಶೇ 5 ಏರಿಸಿದ್ದರೂ ಈ ಎರಡು ಜಾರಿಕೆ ನಿಲ್ಲುತ್ತಿರಲಿಲ್ಲ.

ಆಪ್ಷನ್ ಎಂಟ್ರಿಗೆ ಕೂರುವ ಮುನ್ನ

ಫೀಸು ಕಡಿಮೆ ಅನ್ನುವುದು ಒಂದೇ ಕಾರಣವಾಗಬಾರದು. ಕಲಿಸುವವರು ಇದ್ದಾರಾ ಅಂತ ನೋಡಿ. 20 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಅನ್ನುವುದು ಎಐಸಿಟಿಇ ಮಾನದಂಡ. ಕಾಲೇಜಿನ ವೆಬ್‌ಸೈಟಿನಲ್ಲಿ ಕಡ್ಡಾಯ ಮಾಹಿತಿ ಅಂತ ಒಂದು ಪುಟ ಇರುತ್ತದೆ, ಅಲ್ಲಿ ಅಧ್ಯಾಪಕರ ಪಟ್ಟಿ ಸಿಗುತ್ತದೆ. ಎನ್‌ಬಿಎ ಮಾನ್ಯತೆ ಬ್ರಾಂಚಿಗೆ ಸಿಗುವುದು, ನ್ಯಾಕ್ ಇಡೀ ಕಾಲೇಜಿಗೆ. ‘ನಮಗೆ ಎನ್‌ಬಿಎ ಇದೆ’ ಅಂದಾಗ ಯಾವ ಬ್ರಾಂಚಿಗೆ ಅಂತ ಕೇಳಿ. ಪ್ಲೇಸ್‌ಮೆಂಟ್ ಫ್ಲೆಕ್ಸಿನಲ್ಲಿರುವ ಅತಿ ದೊಡ್ಡ ಸಂಬಳ ಒಬ್ಬರದು. ನೋಡಬೇಕಾದ್ದು ನಡುವಿನವರ ಸಂಬಳ. ಕೇಂದ್ರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜು ಕೊಟ್ಟ ಮಾಹಿತಿಯಲ್ಲಿ ಅದು ಇರುತ್ತದೆ.

ಇನ್ನು ಕಾಗದಪತ್ರ. ಅಗ್ಗದ ಸೀಟು ಕೈತಪ್ಪುವುದು ಎಷ್ಟೋ ಸಲ ರ‍್ಯಾಂಕಿನಿಂದಲ್ಲ, ಕಾಗದದಿಂದ. ಸಿಇಟಿ ಅರ್ಜಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತಾರೆ. ಒಂದು ಅಂಕಿ ತಪ್ಪಿದರೆ, ಪತ್ರದ ಅವಧಿ ಮುಗಿದಿದ್ದರೆ, ಹೆಸರಿನ ಸ್ಪೆಲಿಂಗ್ ಹೊಂದದಿದ್ದರೆ ಮೀಸಲಾತಿಯೂ ಎಸ್‌ಎನ್‌ಕ್ಯೂ ಕೂಡ ಹೋಗುತ್ತದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಅದಕ್ಕೆ ಶಾಲೆಯ ಪತ್ರಕ್ಕೆ ಬಿಇಒ ಸಹಿ ಬೇಕು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಆ ಭಾಗದಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಮೀಸಲು. ಅದಕ್ಕೆ ಪತ್ರ ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಫಲಿತಾಂಶ ಬಂದ ಮೇಲೆ ಓಡಾಡಿದರೆ ನಾಡಕಚೇರಿಯ ಮುಂದೆ ನಿಮ್ಮ ಹಾಗೆಯೇ ಓಡಿಬಂದವರ ಸಾಲು ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋದರೆ ಆ ಸಾಲು ಇರುವುದಿಲ್ಲ.